ಏಳನೇ ನಿಯಮದ ಷರಾ

ಬರೆದವಳು ನಾನೇ. ಅಲ್ಲಗಳೆಯುವುದಿಲ್ಲ.
ಅಕ್ಷರ ದುಂಡಗಿದೆಯೆಂದು ಕಾರ್ಯದರ್ಶಿ ಮಾಡಿದರು,
ಚಹಾ ಕಾಯಿಸುವುದೂ ಅದರಲ್ಲೇ ಸೇರಿತ್ತು.

ವಿರಾಜಪೇಟೆಯ ಅಂಚಿನಲ್ಲಿ
ಗದ್ದೆಗೆ ಮಣ್ಣು ಸುರಿದು ಮಾಡಿದ ಬಡಾವಣೆ,
ಇಪ್ಪತ್ತೆರಡು ಸೈಟು.
ಮೊದಲ ಮಳೆಗೆ ಇಂದಿಗೂ ಕಪ್ಪೆಗಳು
ತಮ್ಮ ಹಳೆಯ ವಿಳಾಸಕ್ಕೇ ಬರುತ್ತವೆ.
ಕಪ್ಪೆಗಳ ಬಗ್ಗೆ ನಿಯಮವಿಲ್ಲ.

ಕೋಳಿಗಳ ಬಗ್ಗೆ ಇದೆ.
ಮನೆಯೊಂದಕ್ಕೆ ಐದನ್ನು ಮೀರತಕ್ಕದ್ದಲ್ಲ.
ಗೂಡು ಬೇಲಿಯಿಂದ ಆರು ಅಡಿ ಒಳಗಿರತಕ್ಕದ್ದು.
ಹಿಕ್ಕೆ ವಾರಕ್ಕೆರಡು ಸಲ ಎತ್ತಿ
ಸ್ವಂತ ಗಿಡಗಳಿಗೇ ಹಾಕಿಕೊಳ್ಳತಕ್ಕದ್ದು.
ಇದಕ್ಕೆ ತಿದ್ದುಪಡಿ ತಂದದ್ದು ಹನ್ನೊಂದನೇ ಸೈಟಿನ ಪೂವಮ್ಮ:
ಗುಲಾಬಿ ಇರುವವರು ಕೇಳಿದರೆ ಕೊಡತಕ್ಕದ್ದು.

ಏಳನೆಯದು ಎರಡೇ ಪದ:
ಹುಂಜ ಸಾಕತಕ್ಕದ್ದಲ್ಲ.

ಇಡೀ ಬಡಾವಣೆಗೆ ಇದ್ದದ್ದು ಒಂದೇ ಹುಂಜ,
ಹಿಟ್ಟಿನ ಗಿರಣಿಯ ಐಸಮ್ಮನದು.
ಕೇಸರಿ ಕೊರಳು, ಒಂದು ಕಣ್ಣಿಗೆ ಪೊರೆ.
ನಾಲ್ಕೂವರೆಗೆ ಅದು ಕೂಗಿದರೆ
ಮಲೆತಿರಿಕೆ ಬೆಟ್ಟ
ಅರ್ಧ ಕೂಗನ್ನು ವಾಪಸು ಕೊಡುತ್ತಿತ್ತು.
ಹಾಲಿನ ವ್ಯಾನಿನ ಹುಡುಗ,
ಮೆಣಸು ಕೊಯ್ಯುವ ಏಣಿ ಹೊತ್ತು ಜೀಪಿಗೆ ಕಾಯುವ ಮಾಚ,
ನಾನು,
ಆ ಉಳಿದರ್ಧಕ್ಕೇ ಏಳುತ್ತಿದ್ದವರು.

ಬಿದ್ದಪ್ಪನವರ ಹೋಂಸ್ಟೇಗೆ ಬಂದವರು,
ಪ್ರಕೃತಿಯೆಂದು ಎರಡು ರಾತ್ರಿಗೆ ಹಣ ಕಟ್ಟಿದ್ದವರು,
ಒಂದೇ ಬೆಳಿಗ್ಗೆಗೆ ಗಂಟು ಕಟ್ಟಿದರಂತೆ.
ಹಿಂದಿನ ಸಂಜೆ ಅದೇ ಜನ
ತೋಟದಂಚಿನ ಕಾಡುಕೋಳಿಯ ಕೂಗನ್ನು
ಮೊಬೈಲಿನಲ್ಲಿ ಹಿಡಿದು ತಂದು
ಮೂರು ಸಲ ಕೇಳಿ ಮೆಚ್ಚಿದ್ದರು.

ಸಭೆಯಲ್ಲಿ ಐಸಮ್ಮ ಒಂದೇ ಮಾತು ಕೇಳಿದ್ದು:
'ಕಾಡಿನದಕ್ಕೆ ಯಾವ ಸೈಟ್ ನಂಬರು?'
ನಕ್ಕರು. ನಡಾವಳಿಯಲ್ಲಿ ನಾನು
ಸದಸ್ಯರು ಚರ್ಚಿಸಿದರು ಎಂದು ಬರೆದೆ.
ಕೋಳಿ ಕೇಳಿ ಖಾರ ಅರೀತಾರೇನ್ರೀ, ಎಂದರು
ಅಧ್ಯಕ್ಷ ಚಿಟ್ಟಿಯಪ್ಪ, ನಿವೃತ್ತ ಓವರ್‌ಸಿಯರ್.
ನನಗೊಂದು ಮಾತಿತ್ತು, ಗಂಟಲವರೆಗೆ ಬಂದಿತ್ತು.
ಅಷ್ಟರಲ್ಲಿ ಚಹಾ ಉಕ್ಕಿತು.
ಒರೆಸಿ ಬರುವಾಗ ಕೈಗಳು ಎದ್ದಿದ್ದವು.
ನನ್ನದನ್ನೂ ಎತ್ತಿದೆ, ಒದ್ದೆಯಾಗಿಯೇ.

ಶನಿವಾರ ಹುಂಜ ಹೋಯಿತು. ಎಲ್ಲಿಗೆಂದು ಕೇಳಲಿಲ್ಲ.
ಭಾನುವಾರ ಮಧ್ಯಾಹ್ನ ಚಿಟ್ಟಿಯಪ್ಪನವರ ಅಡುಗೆಮನೆಯಿಂದ
ಹುರಿದ ಮಸಾಲೆ, ಕಾಚಂಪುಳಿ.
ಬೇರೆ ಕೋಳಿಯೇ ಇರಬೇಕು.

ಮೂರು ವಾರ ಸದ್ದಿಲ್ಲ.
ನಾಲ್ಕೂವರೆಗೆ ಎಚ್ಚರವಾಗುತ್ತಿತ್ತು ಸುಮ್ಮನೆ,
ಯಾರೋ ಕರೆಯುವುದನ್ನು ಮರೆತ ಹಾಗೆ.

ನಾಲ್ಕನೆಯ ವಾರ, ಕತ್ತಲಲ್ಲಿ
ತುಕ್ಕು ಹಿಡಿದ ಗೇಟು ಎಳೆದಂತೆ ಏನೋ.
ತಡೆದು, ಇನ್ನೊಮ್ಮೆ.
ಟಾರ್ಚ್ ಹಿಡಿದು ಬೇಲಿಗೆ ಹೋದೆ.
ಐಸಮ್ಮನ ಹಳೇ ಹೇಟೆ, ಬೂದಿ ಬಣ್ಣದ್ದು,
ಹನ್ನೊಂದು ಸಲ ಕಾವಿಗೆ ಕೂತು ಎದ್ದದ್ದು,
ಮೊಟ್ಟೆ ನಿಲ್ಲಿಸಿ ವರ್ಷವಾದದ್ದು,
ಒರಳುಕಲ್ಲು ಹತ್ತಿ ಕೊರಳು ಚಾಚಿ
ಕೂಗುವುದನ್ನು ಕಲಿಯುತ್ತಿತ್ತು.
ಚೆನ್ನಾಗಿ ಬರುತ್ತಿರಲಿಲ್ಲ.
ಕೊನೆಯ ಎಳೆ ಪ್ರತಿಸಲವೂ ಒಡೆಯುತ್ತಿತ್ತು.
ಬೆಟ್ಟ ಏನನ್ನೂ ವಾಪಸು ಕೊಡಲಿಲ್ಲ. ಅದಕ್ಕೆ ಅದರ ಚಿಂತೆಯಿಲ್ಲ.

ಮತ್ತೆ ಸಭೆ.
ಹೇಟೆ ಕೂಗಿದರೆ ಕೇರಿಗೇ ಕೇಡು, ಎಂದರು ಪೂವಮ್ಮ.
ಕತ್ತು ತಿರುಚಿದರಾಯಿತು, ಎಂದರು ಬಿದ್ದಪ್ಪ.
ಐಸಮ್ಮ ಸೆರಗಿನ ಹಿಟ್ಟು ಕೊಡವುತ್ತ ಕೂತಿದ್ದಳು.
ನಿಯಮ ತೆಗೆಸಿದರು.
ಹುಂಜ ಎಂದಿದೆ, ಹೇಟೆ ಎಂದಿಲ್ಲ.
ಕೂಗು ಎಂಬ ಪದವೇ ಎಲ್ಲೂ ಇಲ್ಲ.
'ಒಂದು ಷರಾ ಹಾಕಿಬಿಡಿ, ಏಳರ ಕೆಳಗೆ,' ಎಂದರು ಅಧ್ಯಕ್ಷರು,
'ಕೂಗುವುದೆಲ್ಲ ಹುಂಜವೆಂದೇ ಭಾವಿಸತಕ್ಕದ್ದು.
ಹಾಗೆ ಚಹಾನೂ ನೋಡಿ.'

ಹಾಳೆಯಲ್ಲಿ ಎರಡು ಬೆರಳಗಲ ಜಾಗವಿತ್ತು.
ಪೆನ್ನಿಗೆ ಮುಚ್ಚಳ ಹಾಕಿದೆ.

ಇವತ್ತು ಚಹಾ ಬೇರೆ ಯಾರಾದರೂ ನೋಡಲಿ, ಎಂದೆ.
ಸ್ವರ ಒಡೆಯಿತು.
ಕೆಮ್ಮಿ, ಎದ್ದು ನಿಂತು,
ಇನ್ನೊಮ್ಮೆ ಎಂದೆ.